ಒಂದು ಸ್ಕ್ರೂ ಬಾಕಿ

ನನ್ನ ಹೆಂಡತಿ ಛಾಯಾಳಿಗೆ ಒಂದು ಕಡೆ ಕೂರುವುದು ಬರುವುದಿಲ್ಲ. ಸೋಲಾಪುರದ ನಮ್ಮ ಎರಡು ಕೋಣೆಯ ಮನೆಯಲ್ಲಿ ಕೂತು ಸಾಲಿ ಮಕ್ಕಳ ಯೂನಿಫಾರ್ಮ್ ಹೊಲಿಯುತ್ತಾಳೆ. ಹತ್ತು ಅಂಗಿಗೆ ಒಮ್ಮೆ ಎದ್ದು ಮಷಿನ್ನಿನ ಹೊಟ್ಟೆ ಬಿಚ್ಚದಿದ್ದರೆ ಅವಳಿಗೆ ಊಟ ಸೇರುವುದಿಲ್ಲ. ಚೆನ್ನಾಗಿ ಓಡುತ್ತಿರುವುದನ್ನು ಯಾಕೆ ಬಿಚ್ಚುತ್ತೀ ಎಂದರೆ, "ಚಲೋ ಯಾಕ ಓಡಾಕತ್ತೈತಿ ಅಂತ ನೋಡಬ್ಯಾಡೇನ್ರಿ?" ಎನ್ನುತ್ತಾಳೆ. ನಾನು ಕನ್ನಡ ಸಾಲಿಯ ಮಾಸ್ತರ. ದಿನವೂ ಬಸ್ಸಿನಲ್ಲಿ ಅಕ್ಕಲಕೋಟ ದಾಟಿ ಮೈಂದರ್ಗಿಗೆ ಹೋಗಿ ಬರುತ್ತೇನೆ. ಸಂಜೆ ಮನೆಗೆ ಬಂದರೆ ನನಗೆ ಬೇಕಾದದ್ದು ಒಂದು ಕಪ್ ಚಹಾ ಮತ್ತು ಒಂದಿಷ್ಟು ಶಾಂತಿ. ಚಹಾ ಸಿಗುತ್ತದೆ.

ಮೂರು ವರ್ಷದ ಹಿಂದೆ ಮಂಗಳವಾರ ಬಜಾರಿನ ಹಳೇ ಸಾಮಾನಿನ ಸಾಲಿಗೆ ಬಾಬಿನ್ ತರಲು ಹೋದವಳು ರಿಕ್ಷಾದಲ್ಲಿ ಗ್ರಾಮೋಫೋನ್ ಕೂರಿಸಿಕೊಂಡು ಬಂದಳು. ದನಿ ಹೊರಡುವ ಹಿತ್ತಾಳೆಯ ದೊಡ್ಡ ಕರ್ಣಾ, ಕೆಳಗೆ ಪಾಲಿಶ್ ಹೊಡೆದ ಪೆಟ್ಟಿಗೆ, ಪಕ್ಕದಲ್ಲಿ ಚಾವಿ ಕೊಡುವ ಹಿಡಿಕೆ. ನೂರು ವರ್ಷದ ಮಾಲು ಎಂದಿದ್ದನಂತೆ ಮಾರಿದವನು. ಕರ್ಣಾ ನೋಡಿದರೆ ಹೋದ ದೀಪಾವಳಿಗೆ ಹುಟ್ಟಿದ್ದು, ಅಷ್ಟು ಹೊಸದು. ಒಳಗಿನ ಮೋಟರು ಮಾತ್ರ ಹಳೆಯದು, ಅದೂ ಬೇರೆ ಯಾವುದೋ ಪೆಟ್ಟಿಗೆಯದು. ಮಿಕ್ಸರಿಗೆಂದು ತೆಗೆದಿಟ್ಟ ದುಡ್ಡು ಹೋಗಿತ್ತು. ನಾನು ಬಾಯಿಗೆ ಬಂದಂತೆ ಬೈದೆ. ಅವಳು ಆಗಲೇ ಸ್ಕ್ರೂಡ್ರೈವರ್ ಹುಡುಕುತ್ತಿದ್ದಳು.

ಗ್ರಾಮೋಫೋನಿಗೆ ಕರೆಂಟು ಬೇಡ. ಚಾವಿ ಕೊಟ್ಟರೆ ಒಳಗಿನ ಸ್ಪ್ರಿಂಗ್ ಬಿಗಿಯಾಗಿ, ಅದು ಸಡಿಲವಾಗುತ್ತ ಹೋದಂತೆ ತಟ್ಟೆ ತಿರುಗುತ್ತದೆ. ಆ ಸ್ಪ್ರಿಂಗೆಂದರೆ ಬೆರಳಗಲದ ಉಕ್ಕಿನ ಪಟ್ಟಿ, ಬಿಚ್ಚಿದರೆ ಒಂದು ಕೋಣೆಯಷ್ಟು ಉದ್ದ, ಅಂಗೈಯಗಲದ ಡಬ್ಬಿಯಲ್ಲಿ ಸುತ್ತಿ ತುರುಕಿರುತ್ತಾರೆ. ಛಾಯಾಳಿಗೆ ಅದು ಗೊತ್ತಿರಲಿಲ್ಲ. ಮುಚ್ಚಳ ಎತ್ತಿದ ಕೂಡಲೇ ಇಡೀ ಪಟ್ಟಿ ಹಾರಿ ಗೋಡೆಗೆ ಬಡಿದು, ಅವಳ ಗದ್ದ ಸೀಳಿ, ನನ್ನ ಚಹಾ ಚೆಲ್ಲಿತು. ಗದ್ದಕ್ಕೆ ನಾಲ್ಕು ಹೊಲಿಗೆ. ದವಾಖಾನೆಯಿಂದ ಬಂದವಳು ಮಲಗಲಿಲ್ಲ. ಕಂದಲಗಾಂವದ ತವರಿಗೆ ಫೋನ್ ಮಾಡಿ ಹಳೇ ಕಂಬಳಿಯೊಂದನ್ನು ತರಿಸಿಕೊಂಡಳು. ಕುರಿ ಸಾಕುವ ಮನೆತನ, ಕಂಬಳಿಗೇನು ಬರಗಾಲ? ಅಂದಿನಿಂದ ಸ್ಪ್ರಿಂಗಿನ ಡಬ್ಬಿಯನ್ನು ಕಂಬಳಿಯಲ್ಲಿ ಸುತ್ತಿ, ಮೊಣಕಾಲಿನಲ್ಲಿ ಅದುಮಿ, ಕೈ ಮಾತ್ರ ಒಳಗೆ ಹಾಕಿ ಬಿಚ್ಚುತ್ತಾಳೆ. ದಪ್ಪ ಕಂಬಳಿಯೊಳಗೆ ಸ್ಪ್ರಿಂಗ್ ತನ್ನ ಪಾಡಿಗೆ ಸಡಿಲವಾಗುತ್ತದೆ, ಯಾರಿಗೂ ಗಾಯವಿಲ್ಲ.

ಉಳಿದದ್ದನ್ನು ಮೊಬೈಲಿನ ವಿಡಿಯೋ ನೋಡಿ ಕಲಿತಳು. ಆ ಜನರ ಭಾಷೆ ತಿಳಿಯದು, ಹಾಗಾಗಿ ದನಿ ಬಂದ್ ಮಾಡಿ ಬರೀ ಅವರ ಕೈ ನೋಡುತ್ತಿದ್ದಳು. ಹಳೇ ಇಸ್ತ್ರಿಯೊಳಗಿನ ಅಭ್ರಕದ ಹಾಳೆ ಕತ್ತರಿಸಿ ದನಿ ಹುಟ್ಟಿಸುವ ಗುಂಡು ಡಬ್ಬಿಗೆ ಹಾಕಿದಳು, ಅದರ ಅಂಚಿಗೆ ಸೈಕಲ್ಲಿನ ವಾಲ್‌ಟ್ಯೂಬ್. ಪಿನ್ನು ಸಿಗದಿದ್ದಾಗ ಹೊಲಿಗೆ ಮಷಿನ್ನಿನ ಸೂಜಿ ಸಿಕ್ಕಿಸಿ ಒಂದು ಭಜನೆಯ ತಬಕಡಿಯನ್ನು ನೇಗಿಲು ಹೊಡೆದಂತೆ ಉತ್ತುಬಿಟ್ಟಳು. ರೆಕಾರ್ಡಿಗೆ ನಮ್ಮ ಕಡೆ ತಬಕಡಿ ಎನ್ನುತ್ತಾರೆ. ಎರಡು ವರ್ಷದಲ್ಲಿ ಮಂಚದ ಕೆಳಗೆ ಐದು ಗ್ರಾಮೋಫೋನು ಸೇರಿದವು. ಐದೂ ಕೂಡಿಸಿ ಮಾಡಿದ ಮಾಲು. ಹಾಡುತ್ತಿದ್ದವು, ಆದರೆ ನೆಗಡಿಯಾದವರ ಹಾಗೆ. "ಒಂದರ ಖರೇ ಪೆಟಗಿ ಕೈಗೆ ಸಿಗಬೇಕ್ರಿ," ಎಂದು ಅವಳು ಮನೆಯಲ್ಲೆಲ್ಲ ಓಡಾಡುತ್ತಿದ್ದಳು. ಅವಳ ಓಡಾಟ ನೋಡಿ ನನಗೇ ಸುಸ್ತಾಗುತ್ತಿತ್ತು.

ಖರೇ ಪೆಟ್ಟಿಗೆ ತೋರಿಸಿಕೊಟ್ಟವನು ನಾನೇ. ಮೈಂದರ್ಗಿಯಲ್ಲಿ ಹೊಲಮನೆ ಉಳ್ಳವರು ಧರ್ಮರಾಜ, ನಮ್ಮ ಸಾಲಿಯ ಕಡೆ ಆಗಾಗ ಬರುವವರು. ಅವರ ತಾಯಿ ಇಂದುಬಾಯಿಗೆ ಎಂಬತ್ತು ದಾಟಿದೆ. ಮಾಳಿಗೆಯ ಮೇಲೆ ಐವತ್ತು ವರ್ಷದಿಂದ ಸ್ಪ್ರಿಂಗ್ ಮುರಿದು ಬಿದ್ದಿದ್ದ ಗ್ರಾಮೋಫೋನನ್ನು ಆಕೆ ಹೋದ ವರ್ಷ ಕೆಳಗಿಳಿಸಿದ್ದರು. ನಾವು ಹೋದ ದಿನ ಅದರ ಪಕ್ಕದಲ್ಲಿ ಒಂದೇ ಒಂದು ತಬಕಡಿ ಇಟ್ಟುಕೊಂಡು ಕೂತಿದ್ದರು.

"ಒಂದ ಕಿವಿ ಹೋಗೇತಿ. ಇನ್ನೊಂದೂ ಹೊಂಟೇತಿ ಅಂದಾನ ಡಾಕ್ಟರ," ಎಂದರು. "ಅದು ಪೂರಾ ಮುಚ್ಚೂದ್ರಾಗ ಈ ಹಾಡಾ ಎದರಿಗೆ ಕೂತ ಒಮ್ಮಿ ಕೇಳಬೇಕವ್ವಾ. ಮತ್ತೇನೂ ಬ್ಯಾಡ ನನಗ."

ಧರ್ಮರಾಜರಿಗೆ ಅನುಮಾನ. ಹಿಂದೆ ಯಾರೋ ರಿಪೇರಿ ಮಾಡುತ್ತೇನೆಂದು ಗೋಡೆ ಗಡಿಯಾರ ಒಯ್ದವನು ತಿರುಗಿ ಮುಖ ತೋರಿಸಿರಲಿಲ್ಲ. ಛಾಯಾ ತಡಮಾಡದೆ ತನ್ನ ಪರ್ಸಿನಿಂದ ತವರಿನ ಮನೆದೇವರು ಬಿರೋಬಾನ ಭಂಡಾರದ ಪುಡಿಕೆ ತೆಗೆದಳು, ಆ ಅರಿಶಿನ ಅವಳ ಹತ್ತಿರ ಸದಾ ಇರುತ್ತದೆ. ಒಂದು ಚಿಟಿಕೆ ಎತ್ತಿ ಹಿಡಿದು, "ಭಂಡಾರ ಎತ್ತಿ ಹೇಳಾಕತ್ತೀನ್ರಿ. ಕೆಲಸಾ ಮುಗದ ದಿನಾನ ತಂದ ಕೊಡ್ತೀನಿ," ಎಂದಳು. ಬಿರೋಬಾನ ಒಕ್ಕಲಿನವರು ಭಂಡಾರ ಎತ್ತಿದರೆ ನಮ್ಮ ಸೀಮೆಯಲ್ಲಿ ಸ್ಟಾಂಪ್ ಪೇಪರು ಕೇಳುವುದಿಲ್ಲ. ಧರ್ಮರಾಜರೇ ಪೆಟ್ಟಿಗೆಯನ್ನು ಹೊತ್ತು ತಂದು ಬಸ್ಸಿನಲ್ಲಿಟ್ಟರು.

ಸ್ಪ್ರಿಂಗ್ ತುದಿಯಲ್ಲಿ ಮುರಿದಿತ್ತು. ಛಾಯಾ ತುದಿಯನ್ನು ಗ್ಯಾಸಿನ ಉರಿಯಲ್ಲಿ ಕೆಂಪಗೆ ಕಾಯಿಸಿ, ಆರಲು ಬಿಟ್ಟು, ಹೊಸ ತೂತು ಕೊರೆದಳು. ಗಟ್ಟಿಯಾಗಿದ್ದ ಹಳೇ ಗ್ರೀಸು ಉಗುರಿನಲ್ಲಿ ಕೆರೆದಳು. ಹನ್ನೊಂದನೆಯ ದಿನ, ನಾನು ಚಪ್ಪಲಿ ಬಿಡುತ್ತಿದ್ದಾಗ, ಅದು ಹಾಡಿತು. ತಬಕಡಿಯ ಮೇಲಿನ ಹೆಸರು ಅಳಿಸಿತ್ತು. ಯಾವಳೋ ಹೆಣ್ಣುಮಗಳು, ಬಾವಿಗೆ ನೀರಿಗೆ ಹೋದವಳು ಹೊತ್ತು ಮುಳುಗಿದರೂ ಮನೆಗೆ ಬಾರದ ಪದ ಹಾಡುತ್ತಿದ್ದಳು. ಆ ದನಿಗೆ ನೆಗಡಿ ಇರಲಿಲ್ಲ. ಒಂದು ಕಾಲಿನ ಚಪ್ಪಲಿಯಲ್ಲೇ ನಿಂತು ಪೂರಾ ಕೇಳಿದೆ. ಛಾಯಾ ಅಳುತ್ತಿದ್ದಳು.

"ಐತವಾರ ಹೋಗಿ ಕೊಟ್ಟು ಬರೋಣು," ಎಂದೆ.

"ಇನ್ನಾ ಕೆಲಸಾ ಮುಗದಿಲ್ರಿ," ಎಂದಳು. ಮೋಟರಿನ ಹಲಗೆಗೆ ನಾಲ್ಕು ಮೂಲೆಗೆ ನಾಲ್ಕು ಸ್ಕ್ರೂ. ಮೂರು ಕೂತಿದ್ದವು. ನಾಲ್ಕನೆಯದು ಅವಳ ಗುಂಡಿಯ ಡಬ್ಬಿಯಲ್ಲಿತ್ತು. ಅದಿಲ್ಲದೆಯೂ ಪೆಟ್ಟಿಗೆ ಹಾಡುತ್ತದೆಂದು ಇಬ್ಬರೂ ಈಗಷ್ಟೇ ಕೇಳಿದ್ದೆವು. ನಾನು ಏನೋ ಹೇಳಲು ಬಾಯಿ ತೆರೆದೆ. ಅವಳು ಮತ್ತೆ ಚಾವಿ ಕೊಟ್ಟಳು. ನಾನು ಬಾಯಿ ಮುಚ್ಚಿ ಕುರ್ಚಿ ಎಳೆದುಕೊಂಡೆ. ಈ ಮಾತು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯಬೇಕು.

ಐತವಾರ ಹೋಯಿತು, ಅದರ ಮುಂದಿನದೂ ಹೋಯಿತು. ಇಂದುಬಾಯಿ ಎಂಟು ದಿನಕ್ಕೊಮ್ಮೆ ಮಗನ ಮೊಬೈಲಿನಿಂದ ಫೋನ್ ಮಾಡುತ್ತಿದ್ದರು. "ಆತೇನವ್ವಾ?" ಎಂದು ಕೇಳಿದರೆ ಛಾಯಾ, "ಸ್ಪ್ರಿಂಗ ಸಿಗವಲ್ದು ಆಯಿ, ಮುಂಬೈಗೆ ಹೇಳೀನಿ," ಎನ್ನುತ್ತಿದ್ದಳು. ಭಂಡಾರದ ಆಣೆ ಮುರಿದಿಲ್ಲ ಎಂದು ನನ್ನ ಹತ್ತಿರ ವಾದ ಮಾಡುತ್ತಿದ್ದಳು. ಹೌದಪ್ಪ, ಸ್ಕ್ರೂ ಬಾಕಿ ಇದೆಯಲ್ಲ! ಬಿರೋಬಾನನ್ನು ಒಂದು ಸ್ಕ್ರೂಗೆ ಕಟ್ಟಿಹಾಕಿದ್ದಳು. ಆದರೆ ಅವಳ ಕೈ ಸುಳ್ಳು ಹೇಳಲು ಒಪ್ಪಲಿಲ್ಲ. ಹೊಲಿಗೆ ಡೊಂಕಾಗತೊಡಗಿತು. ಕಾಲರು ತಿರುವುಮುರುವಾಗಿ ಅಂಗಿಗಳು ವಾಪಸು ಬಂದವು. ಬಾಗಿಲಲ್ಲಿ ಗಾಡಿ ನಿಂತರೆ ಪೆಟ್ಟಿಗೆಯ ಮೇಲೆ ಕಂಬಳಿ ಎಸೆಯುತ್ತಿದ್ದಳು. ನನ್ನ ಪಾಡೂ ಅದೇ. ಮೈಂದರ್ಗಿಯ ಬಸ್‌ಸ್ಟ್ಯಾಂಡಿನಲ್ಲಿ ಧರ್ಮರಾಜರ ಬಿಳಿ ಟೊಪ್ಪಿಗೆ ಕಂಡರೆ ಚಹಾದ ಅಂಗಡಿಯ ಹಿಂದಿನಿಂದ ಸುತ್ತಿ ಹೋಗುತ್ತಿದ್ದೆ. ಮಕ್ಕಳಿಗೆ ಪಾಠ ಹೇಳುವ ಮನುಷ್ಯ! ಹಾಗೆ ಹೋದವನು ಸಂಜೆ ಮನೆ ಮುಟ್ಟಿದ ಕೂಡಲೇ, "ಹಚ್ಚು ನೋಡೋಣು," ಎನ್ನುತ್ತಿದ್ದೆ. ನಮಗಿಬ್ಬರಿಗೂ ಸೇರಿ ಕೂತು ಮಾಡುವ ಕೆಲಸವೊಂದು ಮದುವೆಯಾಗಿ ಹದಿನೈದು ವರ್ಷಕ್ಕೆ ಸಿಕ್ಕಿತ್ತು. ಅದು ಇನ್ನೊಬ್ಬರ ಮನೆಯದು.

ಮೂರು ತಿಂಗಳು ಹೀಗೇ ಕಳೆಯಿತು. ಒಂದು ಬುಧವಾರ ಮತ್ತೆ ಫೋನ್ ಬಂತು. ಛಾಯಾ ಸ್ಪೀಕರ್ ಹಾಕಿ ಕಾಲರಿಗೆ ಕತ್ತರಿ ಹಾಕುತ್ತಿದ್ದಳು.

"ಆತೇನವ್ವಾ?"

"ಇನ್ನಾ ಇಲ್ಲ ಆಯಿ."

"ಹಲೋ? ಆತೇನವ್ವಾ?"

"ಇಲ್ಲ ಆಯಿ, ಸ್ಪ್ರಿಂಗ..."

"ಯಾರೂ ಮಾತಾಡವಲ್ರು ನೋಡೋ ಧರ್ಮಾ," ಎಂದರು ಇಂದುಬಾಯಿ ಆ ಕಡೆ. ಧರ್ಮರಾಜರು ಫೋನ್ ತೆಗೆದುಕೊಂಡು, ನಾಲ್ಕು ದಿನದಿಂದ ಹೀಗೇ ತಂಗಿ, ಕೂಗಿದರಷ್ಟೇ ಒಂದೆರಡು ಮಾತು ತಿಳಿಯುತ್ತವೆ ಎಂದರು. ಛಾಯಾ ಕತ್ತರಿ ಇಟ್ಟಳು. ಗುಂಡಿಯ ಡಬ್ಬಿಯನ್ನು ನೆಲಕ್ಕೆ ಸುರಿದು, ನೂರಾರು ಗುಂಡಿಗಳ ನಡುವೆ ಸ್ಕ್ರೂ ಹುಡುಕಿ, ನಿಂತಲ್ಲೇ ಬಗ್ಗಿ ತಿರುಗಿಸಿದಳು. ಅರ್ಧ ನಿಮಿಷದ ಕೆಲಸ. "ಏಳ್ರಿ," ಎಂದಳು. ನಾನು ಆಗಲೇ ಎದ್ದಿದ್ದೆ.

ಬಸ್ಸಿನಲ್ಲಿ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಅಕ್ಕಲಕೋಟದಲ್ಲಿ ಬಸ್ಸು ಬದಲಿಸುವಾಗಲೂ ನನ್ನ ಕೈಗೆ ಕೊಡಲಿಲ್ಲ.

ಇಂದುಬಾಯಿ ಪೆಟ್ಟಿಗೆ ನೋಡಿ ಒಳಗೆ ಹೋಗಿ ಇಳಕಲ್ ಸೀರೆ ಉಟ್ಟು ಬಂದರು. ಪಡಸಾಲಿಯ ನಡುವೆ ಕುರ್ಚಿ ಹಾಕಿಸಿ ಕೂತರು. ಪಕ್ಕದ ಮನೆಯವರೂ ಬಾಗಿಲಿಗೆ ಬಂದು ನಿಂತರು. ಛಾಯಾ ಚಾವಿ ಕೊಟ್ಟು ಹೊಸ ಪಿನ್ನು ಹಾಕಿ ತಬಕಡಿಯ ಮೇಲಿಟ್ಟಳು. ನೀರಿಗೆ ಹೋದವಳ ಪದ ಪಡಸಾಲಿಯ ತುಂಬ ತುಂಬಿತು. ಇಂದುಬಾಯಿ ಕೈಕಟ್ಟಿಕೊಂಡು ತಿರುಗುವ ತಟ್ಟೆಯನ್ನು ನೋಡುತ್ತಿದ್ದರು. ಒಂದು ನುಡಿ ಮುಗಿಯಿತು. ಎರಡನೆಯ ನುಡಿ ಅರ್ಧವಾಗಿತ್ತು.

"ಚಾಲೂ ಮಾಡವ್ವಾ," ಎಂದರು.

ಧರ್ಮರಾಜರು ಬಗ್ಗಿ ಅವರ ಕಿವಿಗೆ ಬಾಯಿ ಹಚ್ಚಿ, "ಹಾಡಾಕತ್ತೈತಿ, ಯವ್ವಾ," ಎಂದು ಕೂಗಿದರು. ಇಂದುಬಾಯಿ ಮಗನ ಮುಖ ನೋಡಿದರು, ಬಾಗಿಲಲ್ಲಿದ್ದವರ ಮುಖ ನೋಡಿದರು. ಕೈ ಚಾಚಿ ಪೆಟ್ಟಿಗೆಯ ಮೇಲಿಟ್ಟು, "ಹೌದು, ನಡಗಾಕತ್ತೈತಿ," ಎಂದರು. ಆಮೇಲೆ ಛಾಯಾಳ ಗದ್ದ ಹಿಡಿದು ಸಮಾಧಾನ ಹೇಳಿದರು: "ನೀ ಯಾಕ ಅಳ್ತಿ ಹುಚ್ಚಿ? ಸ್ಪ್ರಿಂಗ ಸಿಗಲಿಲ್ಲ, ನೀ ಏನ ಮಾಡ್ತಿ?"

"ಸ್ಪ್ರಿಂಗ ಇತ್ರಿ ಆಯಿ," ಎಂದಳು ಛಾಯಾ, ತನಗಷ್ಟೇ ಕೇಳುವ ಹಾಗೆ. "ನಾ ಸುಳ್ಳ ಹೇಳೀನಿ."

"ಏನಂದಿ?"

"ನಾ ಸುಳ್ಳ ಹೇಳೀನ್ರಿ."

"ಜೋರ ಹೇಳವ್ವಾ, ಜೋರ."

ಛಾಯಾ ಎದ್ದು ನಿಂತಳು. "ನಾ ಸುಳ್ಳ ಹೇಳೀನ್ರೀ!" ಎಂದು ಗಂಟಲು ಹರಿಯುವಂತೆ ಕೂಗಿದಳು. "ಮೂರ ತಿಂಗಳಾತ್ರಿ, ಅದು ಹಾಡಾಕತ್ತಿ! ನಾನ ಇಟಗೊಂಡಿದ್ದೆ! ದಿನಾ ಕೇಳಾಕತ್ತಿದ್ದೆ!" ಓಣಿಯಲ್ಲಿ ಹೋಗುತ್ತಿದ್ದವರು ನಿಂತರು. ಎದುರು ಮನೆಯ ಮಾಳಿಗೆಯಿಂದ ಯಾರೋ ಇಣುಕಿದರು. ಧರ್ಮರಾಜರು ನನ್ನ ಕಡೆ ತಿರುಗಿದರು. "ನಾನೂ ಕೇಳೀನ್ರಿ," ಎಂದೆ. ನನ್ನ ದನಿ ಛಾಯಾಳಷ್ಟು ಜೋರಾಗಿ ಬರಲಿಲ್ಲ.

ತಬಕಡಿ ಮುಗಿದು ಪಿನ್ನು ಸರ್ರ್ ಸರ್ರ್ ಎನ್ನುತ್ತಿತ್ತು. ಇಂದುಬಾಯಿ ಪೆಟ್ಟಿಗೆಯ ಮೇಲಿನ ಕೈ ತೆಗೆದು ಮಡಿಲಲ್ಲಿಟ್ಟುಕೊಂಡರು. ಅವರ ಕಣ್ಣಲ್ಲಿ ಸಿಟ್ಟು ಇತ್ತೋ ಇಲ್ಲವೋ ನನಗೆ ತಿಳಿಯಲಿಲ್ಲ.

"ನಮ್ಮ ಮಾವನ ಕಾಲದಾಗ ಇದು ಇಲ್ಲೇ ಇರತಿತ್ತು, ಗಂಡಸೂರ ನಡುವ," ಎಂದರು ಕೊನೆಗೆ. "ನಾವು ಹೆಂಗಸೂರು ಪಡಸಾಲಿಗಿ ಬರೂ ಹಂಗ ಇರಲಿಲ್ಲ. ಅಡಗಿಮನ್ಯಾಗ ರೊಟ್ಟಿ ಬಡಿಯೂದ ಬಿಟ್ಟು, ಗ್ವಾಡಿಗೆ ಕಿವಿ ಹಚ್ಚಿ ಕೇಳ್ತಿದ್ದೆ. ಆಗರ ಕೇಳಸ್ತಿತ್ತವ್ವಾ ನನಗ."