ಗುಜರಿಗೆ ಕೊಡದ ಮೆಷಿನ್

ಸರ್ವಿಸ್‌ನವನು ಬಟ್ಟೆ ಒಗೆಯುವ ಮೆಷಿನ್ನಿನ ಮುಂಬಾಗಿಲು ತೆಗೆದು, ಒಳಗಿನ ಡ್ರಮ್ಮನ್ನು ಕೈಯಿಂದ ಒಮ್ಮೆ ತಿರುಗಿಸಿದ. ಗರಗರ ಸದ್ದು ಬಂತು. ಅಷ್ಟಕ್ಕೇ ಅವನ ತಪಾಸಣೆ ಮುಗಿಯಿತು.

“ಬೇರಿಂಗ್ ಹೋಗೈತ್ರಿ ಮೇಡಂ. ಬರೇ ಬೇರಿಂಗ್ ನಾವು ಕೊಡಲ್ಲ, ಇಡೀ ಟಬ್ ಹಾಕಬೇಕು. ಈ ಮಾಡೆಲ್ಲಿನ ಟಬ್ ಈಗ ಬರ್ತಿಲ್ಲ. ಎಕ್ಸ್‌ಚೇಂಜಿಗೆ ಹಾಕಿಬಿಡ್ರಿ.”

“ಮೋಟ್ರು ಚೆನ್ನಾಗೈತಾ?”

“ಐತ್ರಿ.”

“ಬೋರ್ಡು?”

“ಅದೂ ಐತೆ. ಬೇರಿಂಗ್ ಒಂದೇ ಹೋಗಿರೋದು.”

“ಹಂಗಾದ್ರೆ ಗುಜರಿಗೆ ಯಾಕ ಹಾಕ್ಲಿ?”

ಅವನು ಚೀಲದ ಜಿಪ್ಪು ಎಳೆದು, ನಿಮ್ಮಿಷ್ಟ ಎಂದು ಹೊರಟುಹೋದ.

ದಾವಣಗೆರೆ ಮಂಡಿಪೇಟೆಯ ಸಗಟು ಅಂಗಡಿಯಲ್ಲಿ ಕೆಲಸ ಮಾಡುವ ನನ್ನ ಗಂಡನಿಗೆ ಯಾವುದನ್ನೂ ಎಳೆದಾಡುವುದು ಹಿಡಿಸದು. ಸರ್ವಿಸ್‌ನವನ ಮಾತು ಫೋನಿನಲ್ಲಿ ಕೇಳಿದವರು, ಸಂಜೆ ಹೊಸ ಮೆಷಿನ್ ಬುಕ್ ಮಾಡಿಯೇ ಮನೆಗೆ ಬಂದರು. ಭಾನುವಾರ ಗಾಡಿ ಬರುತ್ತದೆ, ಹಳೆಯದನ್ನು ಒಯ್ಯುತ್ತದೆ ಎಂದರು. ನಾನು ಕೊಡುವುದಿಲ್ಲ ಎಂದೆ. “ಕೊಡದೆ ಏನು ಪೂಜೆ ಮಾಡ್ತೀಯಾ?” ಎಂದು ನಕ್ಕರು. ಆ ನಗು ನನಗೆ ಸರಿಯಾಗಿ ನಾಟಿತು. ರಿಪೇರಿ ಮಾಡುತ್ತೇನೆ ಎಂಬ ಮಾತು ಆಗಲೇ ಬಾಯಿಂದ ಬಂದದ್ದು. ಅಲ್ಲಿಯತನಕ ನನಗೂ ಹಾಗೊಂದು ವಿಚಾರ ಇರಲಿಲ್ಲ.

ನಾನು ರವಿಕೆ ಹೊಲಿಯುವವಳು. ಹೊಲಿಗೆ ಮೆಷಿನ್ನನ್ನು ಬಿಚ್ಚಿ, ತಿಕ್ಕಿ, ಎಣ್ಣೆ ಬಿಟ್ಟು ಮತ್ತೆ ಕೂಡಿಸಿದ ಕೈ ಇದು. ಬಟ್ಟೆ ಒಗೆಯುವ ಮೆಷಿನ್ ಅದಕ್ಕಿಂತ ದೊಡ್ಡದು, ನಿಜ. ಆದರೆ ಅದನ್ನೂ ಯಾರೋ ಒಬ್ಬರು ಬೋಲ್ಟು ತಿರುಗಿಸಿಯೇ ಕೂಡಿಸಿದ್ದಲ್ಲವೇ?

ಆ ಮೆಷಿನ್ ನಮ್ಮ ಮನೆಯಲ್ಲಿ ಸುಮ್ಮನೆ ಇದ್ದದ್ದಲ್ಲ. ನಮ್ಮ ಅತ್ತೆಗೆ ಲಕ್ವ ಹೊಡೆದು ಎಡಗೈ, ಎಡಗಾಲು ಸ್ವಾಧೀನ ತಪ್ಪಿವೆ. ಕೆಲವು ರಾತ್ರಿ ಹಾಸಿಗೆ ಒದ್ದೆಯಾಗುತ್ತದೆ. ಮೆಷಿನ್ ಇದ್ದಾಗ ಬೆಳಿಗ್ಗೆ ಬೆಡ್‌ಶೀಟ್ ಒಳಗೆ ಹಾಕಿ ಗುಂಡಿ ಒತ್ತಿದರೆ ಮುಗಿಯಿತು, ಮನೆಯಲ್ಲಿ ಯಾರೂ ಆ ಮಾತೇ ಎತ್ತುತ್ತಿರಲಿಲ್ಲ. ಈಗ ನಾನು ಹಿತ್ತಲ ಕಲ್ಲಿನ ಮೇಲೆ ಕುಕ್ಕುವ ಸದ್ದು ಅವರ ಮಂಚದವರೆಗೂ ಕೇಳುತ್ತಿತ್ತು. ಒಂದು ಮಧ್ಯಾಹ್ನ ಮಾತ್ರೆಗೆ ಕೊಟ್ಟ ನೀರಿನಲ್ಲಿ ಒಂದೇ ಗುಟುಕು ಕುಡಿದು ಲೋಟ ಇಟ್ಟರು. ಬೆಳಿಗ್ಗೆ ಇಟ್ಟ ತಂಬಿಗೆಯೂ ತುಂಬಿದಂತೆಯೇ ಇತ್ತು.

“ಯಾಕ ಅತ್ತೆ, ನೀರು ಕುಡಿತಿಲ್ಲ?”

“ಕುಡುದ್ರೆ ನಿನಗೇ ಕೆಲಸ ಜಾಸ್ತಿ ಆಗುತ್ತೆ, ಬಿಡವ್ವ.”

ನನಗೆ ಸಿಟ್ಟು ನೆತ್ತಿಗೇರಿತು. “ನೀವು ನೀರು ಬಿಟ್ರೆ ನಾನು ಊಟ ಬಿಡ್ತೀನಿ. ಯಾರು ಗೆಲ್ತಾರೆ ನೋಡಾಣ,” ಎಂದೆ. ಅವರು ನನ್ನ ಮುಖ ನೋಡಿ ಲೋಟ ಎತ್ತಿ ಖಾಲಿ ಮಾಡಿದರು. ಅವತ್ತೇ ಪ್ಲಗ್ ಕಿತ್ತು ಮೆಷಿನ್ ಬಿಚ್ಚಲು ಕುಳಿತೆ.

ಅತ್ತೆಯ ಮಂಚದ ಪಕ್ಕದಲ್ಲೇ ಕೆಲಸ ಶುರುವಾಯಿತು. ಅವರು ಬಲಗೈಯಲ್ಲಿ ಟಾರ್ಚ್ ಹಿಡಿದರು. ಒಂದೊಂದು ವೈರು ಕೀಳುವ ಮುಂಚೆ ನಾನು ಫೋನಿನಲ್ಲಿ ಫೋಟೋ ತೆಗೆದುಕೊಂಡೆ. ಮೇಲಿನ ಮುಚ್ಚಳ, ಬಾಗಿಲಿನ ರಬ್ಬರ್, ಮುಂದಿನ ತಗಡು, ಮೆಷಿನ್ ಕುಣಿಯದಂತೆ ಭಾರಕ್ಕೆ ಕೂಡಿಸಿದ ಸಿಮೆಂಟಿನ ಕಲ್ಲು, ಎಲ್ಲ ಬಂದವು. ಬೆಲ್ಟು ಓಡುವ ಹಿಂದಿನ ಚಕ್ರದ ಬೋಲ್ಟು ಮಾತ್ರ ಅಲುಗಲಿಲ್ಲ. ಸ್ಪ್ಯಾನರಿಗೆ ಹಳೆಯ ನಲ್ಲಿ ಪೈಪು ತೊಡಿಸಿ ಮೈಭಾರ ಪೂರ್ತಿ ಹಾಕಿದೆ. ಟಕ್ ಎಂದು ಬಿಟ್ಟಿತು, ನಾನು ಹಿಂದಕ್ಕೆ ಬಿದ್ದು ಕೂತೆ. ಅತ್ತೆ ಬಾಯಿ ತುಂಬ ನಕ್ಕರು. ಟಬ್ಬನ್ನು ಹೊರಗೆಳೆಯುವಾಗ ಗಂಡ ಬಂದು ಕೈ ಹಾಕಿದರು, ಗೊಣಗುತ್ತಲೇ.

ಡ್ರಮ್ಮನ್ನು ಒಳಗಿಟ್ಟುಕೊಂಡ ಆ ಟಬ್ಬಿನ ಸ್ಕ್ರೂ ಬಿಚ್ಚಿ ಎರಡು ಹೋಳು ಮಾಡಿದಾಗ ರೋಗ ಕಣ್ಣಿಗೆ ಬಿತ್ತು. ನೀರು ತಡೆಯುವ ರಬ್ಬರ್ ಸೀಲು ಸವೆದು, ಬೇರಿಂಗು ತುಕ್ಕಿನ ಮುದ್ದೆಯಾಗಿತ್ತು. ಡ್ರಮ್ಮಿನ ಬೆನ್ನಿಗೆ ಕೂಡಿಸಿದ ಮೂರು ಕಾಲಿನ ತುಂಡಿನ ನಡುವೆ ಒಂದು ದಂಡವಿದೆ. ಡ್ರಮ್ ತಿರುಗುವುದು ಅದರ ಮೇಲೆಯೇ. ಆ ದಂಡಕ್ಕೆ ತೊಡಿಸಿದ ಹಿತ್ತಾಳೆಯ ಬಳೆಯಲ್ಲೂ ಗೆರೆ ಬಿದ್ದಿತ್ತು. ಬೇರಿಂಗಿನ ಅಂಚು ಉಜ್ಜಿದರೆ ನಂಬರು ಕಂಡಿತು. ಆ ನಂಬರು ಹೇಳಿದರೆ ದಾವಣಗೆರೆಯಲ್ಲೇ ಬೇರಿಂಗು, ಸೀಲು ಎರಡೂ ಸಿಕ್ಕವು. ಬರೇ ಬೇರಿಂಗ್ ಕೊಡಲ್ಲ ಎಂದವನ ಮುಖ ನೆನಪಾಯಿತು. ಆದರೆ ಹಿತ್ತಾಳೆಯ ಬಳೆ ಅಂಗಡಿಯ ಮಾಲಲ್ಲ, ಲೋಹ ಕಡೆಯುವ ಲೇತ್ ಯಂತ್ರದಲ್ಲಿ ಮಾಡಿಸಬೇಕು. ಅದಕ್ಕೆ ಹರಿಹರಕ್ಕೆ ಹೋಗಿ ಎಂದರು ಅಂಗಡಿಯವರು.

ಟಬ್ಬಿನ ಹಿಂದಿನ ಹೋಳನ್ನು ಹಳೇ ಬೆಡ್‌ಶೀಟಿನಲ್ಲಿ ಕಟ್ಟಿ, ಮೂರು ಕಾಲಿನ ತುಂಡು, ಹೊಸ ಬೇರಿಂಗುಗಳನ್ನು ಚೀಲಕ್ಕೆ ಹಾಕಿ ಬಸ್ ಹತ್ತಿದೆ. ಕಂಡಕ್ಟರ್ ಗಂಟನ್ನು ನೋಡಿ, “ಇದೇನ್ರಿ, ಡೊಳ್ಳಾ?” ಎಂದ. ಹೌದು, ಬಾರಿಸಲಾ ಎಂದೆ. ಸುತ್ತಲಿನವರು ನಕ್ಕರು. ಅವನೂ ನಕ್ಕು ಡ್ರೈವರ್ ಹಿಂದೆ ಜಾಗ ತೋರಿಸಿದ.

ಲೇತ್ ಅಂಗಡಿಯ ಮಾಲೀಕ ಗಂಟು ಬಿಚ್ಚಿ ನೋಡಿ ತಲೆ ಅಲ್ಲಾಡಿಸಿದ.

“ಇದು ಪ್ಲಾಸ್ಟಿಕ್ಕು. ಬೇರಿಂಗ್ ಹೊಡೆಯೋವಾಗ ಒಡೆದ್ರೆ ನಮ್ಮ ತಲೆ ಮೇಲೆ ಬರುತ್ತೆ. ಮನೆ ಯಜಮಾನ್ರನ್ನ ಕಳಿಸ್ರಿ, ಮಾತಾಡ್ತೀನಿ.”

“ಯಜಮಾನ್ರಿಗೆ ಇದರ ಬಗ್ಗೆ ಏನೂ ಗೊತ್ತಿಲ್ರಿ. ಬಿಚ್ಚಿದ್ದು ನಾನು, ಕೂಡಿಸೋಳೂ ನಾನು. ಒಡೆದ್ರೆ ನನ್ನ ಜವಾಬ್ದಾರಿ.”

“ಕೂಡಿಸ್ತೀರಾ? ಇವನ್ನೆಲ್ಲ?”

“ಕೂಡಿಸದೆ ಬಿಚ್ತಾರೇನ್ರಿ?”

ಇವತ್ತು ಆಗುವುದಿಲ್ಲ ಎಂದ. ಬಾಗಿಲ ಬಳಿ ಒಂದು ಸ್ಟೂಲಿತ್ತು, ಅದರ ಮೇಲೆ ಕೂತೆ. ಗಿರಾಕಿಗಳು ಬಂದರು, ಹೋದರು, ನಾನು ಏಳಲಿಲ್ಲ. ಊಟದ ಹೊತ್ತು ದಾಟಿದ ಮೇಲೆ ಅವನು ದಂಡವನ್ನು ಲೇತಿಗೆ ಕಚ್ಚಿಸಿದ. ಹೊಸ ಬಳೆ ಹೊಳೆಯುತ್ತಾ ಬಂತು. ಹಳೆಯ ಬೇರಿಂಗುಗಳನ್ನು ಪ್ರೆಸ್ಸಿನಿಂದ ತಳ್ಳಿ, ಹೊಸವನ್ನು ನೆಟ್ಟಗೆ ಕೂರಿಸಿದ. ಟಬ್ ಒಡೆಯಲಿಲ್ಲ. “ಸೀಲಿಗೆ ಗ್ರೀಸು ಮರೀಬ್ಯಾಡ್ರಿ ಅಕ್ಕಾರೆ,” ಎಂದ. ಬಂದಾಗಿನ ಗಡಸು ಮಾತಿನಲ್ಲಿ ಉಳಿದಿರಲಿಲ್ಲ.

ಮರುದಿನ ಭಾನುವಾರ. ನಾನು ಟಬ್ಬಿನ ಹೋಳುಗಳನ್ನು ಕೂಡಿಸುತ್ತಿದ್ದಾಗ ಮನೆ ಮುಂದೆ ಗಾಡಿ ನಿಂತಿತು. ಹೊಸ ಮೆಷಿನ್ನಿನ ಡಬ್ಬವನ್ನು ಇಬ್ಬರು ಇಳಿಸತೊಡಗಿದರು. ಗ್ರೀಸಿನ ಕೈಯಲ್ಲೇ ಗೇಟಿಗೆ ಹೋದೆ.

“ಇಳಿಸಬ್ಯಾಡ್ರಿ. ಹಳೇದು ಕೊಡೋದಿಲ್ಲ, ಹೊಸದು ಬೇಕಾಗಿಲ್ಲ.”

ಅವರು ನನ್ನ ಗಂಡನನ್ನು ನೋಡಿದರು. ಗಂಡ ನನ್ನನ್ನು ನೋಡಿದರು. “ಸುಮ್ನೆ ಹಟ ಮಾಡಬ್ಯಾಡ. ಅದು ನಡೆಯುತ್ತೆ ಅಂತ ಏನು ಗ್ಯಾರಂಟಿ?” ಎಂದರು ಮೆಲ್ಲಗೆ.

“ನಡೆಯಲಿಲ್ಲ ಅಂದ್ರೆ ಇನ್ನೊಂದ್ಸಲ ಬಿಚ್ತೀನಿ.”

ಒಳಗಿನಿಂದ ಅತ್ತೆಯ ದನಿ ಬಂತು. ಲಕ್ವ ಹೊಡೆದ ಮೇಲೆ ಅಷ್ಟು ಜೋರಾಗಿ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. “ಗಾಡಿ ವಾಪಸ್ ಕಳಸೋ. ಅರ್ಧಕ್ಕೆ ಬಿಡಿಸಬ್ಯಾಡ ಅವಳನ್ನ.” ಗಾಡಿ ವಾಪಸ್ ಹೋಯಿತು. ಗಂಡ ಅಂಗಿ ತೊಟ್ಟು ಹೊರಗೆ ನಡೆದರು.

ಸಂಜೆ ನೀರು ಬಿಟ್ಟು ಚಾಲೂ ಮಾಡಿದೆ. ಸದ್ದಿಲ್ಲದೆ ತಿರುಗಿತು, ಆದರೆ ಕೆಳಗಿನಿಂದ ನೀರು ಹರಿದು ಬಂತು. ನಾನು ನೆಲದ ಮೇಲೆ ಕೂತುಬಿಟ್ಟೆ. ಗಾಡಿಯವರ ಮುಂದೆ ಆಡಿದ ಮಾತು ನಾಲಿಗೆಯ ಮೇಲೆ ಕಹಿಯಾಯಿತು. ಅಷ್ಟರಲ್ಲಿ ಗಂಡ ಬಂದರು. ಬಾಗಿಲಲ್ಲಿ ನಿಂತು ನೀರು ನೋಡಿದರು. ಪ್ಲಗ್ ಕಿತ್ತು, ಒರೆಸುವ ಬಟ್ಟೆ ತಂದು ನೆಲ ಒರೆಸಿದರು. ಆಮೇಲೆ ಸ್ಪ್ಯಾನರ್ ಎತ್ತಿ ನನ್ನ ಕೈಗೆ ಕೊಟ್ಟರು.

ಮತ್ತೆ ಎಲ್ಲ ಬಿಚ್ಚಿದೆವು. ಎರಡು ಹೋಳುಗಳ ನಡುವಿನ ರಬ್ಬರ್ ದಾರ ಒಂದು ಕಡೆ ತಾನು ಕೂರುವ ತೋಡಿನಿಂದ ಜಾರಿತ್ತು. ಅದನ್ನು ಬೆರಳಿನಿಂದ ಒತ್ತುತ್ತಾ ಸುತ್ತಲೂ ಕೂರಿಸಿ, ಸ್ಕ್ರೂಗಳನ್ನು ಎದುರುಬದುರಾಗಿ ಬಿಗಿ ಮಾಡಿದೆವು. ಈ ಸಲ ಒಂದು ಹನಿಯೂ ಬರಲಿಲ್ಲ. ಮೆಷಿನ್ ಪೂರ್ತಿ ವೇಗಕ್ಕೆ ಏರಿದಾಗ ಅದರ ನೆತ್ತಿಯ ಮೇಲೆ ಕೈಯಿಟ್ಟೆ. ಸಣ್ಣ ನಡುಕ ಬಿಟ್ಟರೆ ಬೇರೇನಿಲ್ಲ.

ಈಚೆಗೆ ಕೆ.ಬಿ. ಬಡಾವಣೆಯಲ್ಲಿರುವ ನಾದಿನಿಯ ಮನೆಗೆ ಊಟಕ್ಕೆ ಹೋಗಿದ್ದೆವು. ನಾದಿನಿಯ ಗಂಡ ಎಲ್ಲರ ಮುಂದೆ, “ಮೆಕ್ಯಾನಿಕ್ ಬಂದ್ರು, ಕುರ್ಚಿ ಹಾಕ್ರಿ” ಎಂದರು. ನಾನು ಕುರ್ಚಿ ಎಳೆದುಕೊಂಡು ಕೂತೆ. ಅವರ ಫ್ರಿಜ್ಜಿನ ಬಾಗಿಲ ರಬ್ಬರ್ ಹರಿದು, ಮುಚ್ಚಲು ಹಗ್ಗ ಕಟ್ಟಿದ್ದರು. ಹೊಸ ಫ್ರಿಜ್ಜು ನೋಡುತ್ತಿದ್ದಾರಂತೆ. ಊಟವಾದ ಮೇಲೆ ಚೀಲದಿಂದ ನನ್ನ ಹೊಲಿಗೆಯ ಟೇಪು ತೆಗೆದು, ಅವರು ನೋಡುತ್ತಿದ್ದಂತೆಯೇ ಆ ಬಾಗಿಲನ್ನು ಅಳೆದೆ.