ಯಂತ್ರದ ಮೇಲಿನ ಅಂಗೈ

ಕಲಬುರಗಿಯ ತಳಿವಿಜ್ಞಾನಿಗಳಾದ ನಮಗೆಲ್ಲ ಸೇರಿ ಇದ್ದದ್ದು ಒಂದೇ ಯಂತ್ರ. ರಕ್ತಕಣಗಳನ್ನು ಒಂದೊಂದಾಗಿ ಬೆಳಕಿನ ಮುಂದೆ ಹಾಯಿಸಿ ಎಣಿಸುವಂಥದ್ದು. ಅದನ್ನು ನೋಡಿಕೊಳ್ಳುತ್ತಿದ್ದ ಹಿರಿಯ ತಂತ್ರಜ್ಞೆ ಅಕ್ಕೋರು, ನಾವು ರಕ್ತದ ನಳಿಕೆಯನ್ನು ಜೋರಾಗಿ ಅಲುಗಿಸಿದರೆ ಸಾಕು, "ಸಾವಕಾಶ್ರೀ, ಅದರಾಗ ಜೀವ ಅದ" ಎನ್ನುತ್ತಿದ್ದರು.

ಒಮ್ಮೆ ಕಮಲಾಪುರದ ಪುಟ್ಟ ಹುಡುಗಿಯ ರಕ್ತವನ್ನು ಯಂತ್ರಕ್ಕೆ ಹಾಕಿದ್ದೆ. ಪರದೆಯ ಮೇಲೆ ಇರಬಾರದ ಕಡೆ ಚುಕ್ಕೆಗಳ ಗುಂಪು ಕಂಡಿತು. ರೋಗವೆಂದು ಬರೆಯಲು ಪೆನ್ನೆತ್ತಿದೆ. ಹೊರಗಿನ ಬೆಂಚಿನ ಮೇಲೆ ಅವಳ ಅಪ್ಪ ಕಾಯುತ್ತಿದ್ದ.

"ಸಾವಕಾಶ್ರೀ."

ಅತ್ತ ಮುಖ ಮಾಡಿ ನಳಿಕೆ ಜೋಡಿಸುತ್ತಿದ್ದ ಅಕ್ಕೋರು ಬಂದು, ಪರದೆ ನೋಡದೆಯೇ ಯಂತ್ರದ ಮೇಲೆ ಅಂಗೈಯಿಟ್ಟರು. "ಸಪ್ಪಳ ಬ್ಯಾರೆ ಅದ. ಪೈಪಿನಾಗ ಗಾಳಿ ಹೊಕ್ಕದ." ಗಾಳಿ ತೆಗೆದು ಮತ್ತೆ ಓಡಿಸಿದರು. ಈ ಸಲ ಆ ಗುಂಪು ಕಾಣಲೇ ಇಲ್ಲ.

ಈಗಲೂ ಬರೆಯುವ ಮುನ್ನ ಯಂತ್ರದ ಮೇಲೆ ಅಂಗೈಯಿಡುತ್ತೇನೆ. ನನಗೆ ಮಾತ್ರ ಎಲ್ಲ ಸಪ್ಪಳವೂ ಒಂದೇ ಥರ ಕೇಳುತ್ತದೆ.