ಕೆರೆ ತಿರುವಿನ ಸೀಟಿ

ಮೊನ್ನೆ ಸಂಜೆ ಮಳೆ ಹನಿಯತೊಡಗಿದಾಗ ನಮ್ಮ ಬೀದಿ ಮೂಲೆಯ ಭಜಿ ಅಂಗಡಿಯವನು ಗಡಿಬಿಡಿಯಲ್ಲಿ ಭಟ್ಟಿಯ ಕಲ್ಲಿದ್ದಲಿಗೆ ಒಂದು ಚೆಂಬು ನೀರು ಸುರಿದ. ನೆನೆದ ಕಲ್ಲಿದ್ದಲಿನ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ತರಕಾರಿ ಚೀಲ ಹಿಡಿದುಕೊಂಡು ನಾನು ಅಲ್ಲೇ ನಿಂತುಬಿಟ್ಟೆ. ಮಗನಿಗೆ ವಾಳೂಜ್‌ನ ಕಾರ್ಖಾನೆಯಲ್ಲಿ ಕೆಲಸ, ಹಾಗಾಗಿ ಈಗ ಸಂಭಾಜಿನಗರವೇ ನನ್ನ ಊರು. ಜೊತೆಗಿದ್ದ ಮೊಮ್ಮಗಳು, "ಆಜೀ, ಕಾಯ್ ಝಾಲಂ?" ಎಂದಳು. ಏನೂ ಆಗಿಲ್ಲ ಎಂದೆ. ಆದದ್ದು ಇಲ್ಲಲ್ಲ, ಇಗತಪುರಿಯಲ್ಲಿ, ಅರವತ್ತರ ದಶಕದ ಒಂದು ಶ್ರಾವಣದಲ್ಲಿ...

ಮದುವೆಯಾಗಿ ನಾನು ಬಂದಾಗ ಇಗತಪುರಿಯೆಂದರೆ ಒಂದು ಸ್ಟೇಷನ್, ಒಂದು ಕೆರೆ, ಸುತ್ತ ಗುಡ್ಡ. ಕೆರೆಯನ್ನೂ ರೈಲಿನವರೇ ಕಟ್ಟಿಸಿದ್ದಂತೆ, ಎಂಜಿನ್ನುಗಳಿಗೆ ನೀರು ಕುಡಿಸುವುದಕ್ಕೆ. ಮುಂಬಯಿಯಿಂದ ಘಾಟು ಹತ್ತಿ ಬರುವ ಗಾಡಿಗಳಿಗೆ ಕರೆಂಟಿನ ಎಂಜಿನ್. ಅದನ್ನು ನಮ್ಮೂರಲ್ಲಿ ಬಿಚ್ಚಿ, ನಾಶಿಕದ ಕಡೆಗೆ ಕಲ್ಲಿದ್ದಲಿನ ಎಂಜಿನ್ ಹೂಡುತ್ತಿದ್ದರು. ಬಿಚ್ಚುವುದು, ಹೂಡುವುದು, ಅದೇ ಊರಿನ ಅನ್ನ. ಸೌದೆ ಮಾರಲು ಗುಡ್ಡದಿಂದ ಇಳಿದು ಬರುವ ಠಾಕರ ಬುಡಕಟ್ಟಿನವರನ್ನು ಬಿಟ್ಟರೆ ಮೂಲದವರು ಅನ್ನುವವರು ಅಲ್ಲಿ ಯಾರೂ ಇರಲಿಲ್ಲ. ಗೋವೆಯ ಕ್ರಿಶ್ಚಿಯನ್ ಡ್ರೈವರುಗಳು, ಮುಸಲ್ಮಾನ ಫಿಟ್ಟರುಗಳು, ಕೊಂಕಣದ ಗ್ಯಾಂಗ್‌ಮನ್ನರು, ಮಾರವಾಡಿ ಅಂಗಡಿ, ಉಡುಪಿ ಕಡೆಯವರ ಒಂದು ಹೋಟೆಲು. ಎಲ್ಲರೂ ಎಲ್ಲಿಂದಲೋ ರೈಲು ತಂದು ಇಳಿಸಿದವರೇ. ರೈಲ್ವೆ ಕ್ವಾರ್ಟರ್ಸಿನಲ್ಲಿ ಕನ್ನಡದ ಮನೆ ಎರಡೇ ಎರಡು: ಸ್ಟೇಷನ್ ಗುಮಾಸ್ತರಾಗಿದ್ದ ನನ್ನ ಯಜಮಾನರದು, ಗೋಡೆಗೆ ಗೋಡೆ ತಾಗಿಕೊಂಡು, ನಾನು ಕಾಕು ಎಂದು ಕರೆಯುತ್ತಿದ್ದ ನೆರೆಮನೆಯವರದು. ಬಯಲುಸೀಮೆಯ ನಾನು ಒದ್ದೆ ಸೀರೆಗಳನ್ನು ಇದ್ದಲಿನ ಶೇಗಡಿಯ ಮೇಲೆ ಒಣಗಿಸುತ್ತಾ ಆ ಊರಿನ ಮಳೆಗೆ ದಿನಾ ಶಾಪ ಹಾಕುತ್ತಿದ್ದೆ.

ಕಾಕು ಗದಗಿನ ಕಡೆಯವರು. ತೆಳ್ಳನೆಯ ಮೈ, ಮಾತು ಕಡಿಮೆ. ಹಸಿ ಸೌದೆಯಲ್ಲಿ ಒಲೆ ಹೊತ್ತಿಸುವುದನ್ನು ನನಗೆ ಕಲಿಸಿದವರು ಅವರೇ. ಗಂಡ ಎಂಜಿನ್ ಡ್ರೈವರ್, ನನಗೆ ಕಾಕಾ. ಮಕ್ಕಳಿರಲಿಲ್ಲ. ಕಣ್ಣಿಗೆ ಪೊರೆ ಬಂದು ಏನೂ ಕಾಣದ ಕಾಕಾನ ತಾಯಿ, ಆಯಿ, ಯಾವಾಗಲೂ ಹೊಸ್ತಿಲ ಬಳಿ ಕೂತಿರುತ್ತಿದ್ದರು.

ಆ ಊರಿನ ಡ್ರೈವರುಗಳಿಗೆ ಒಂದು ರೂಢಿಯಿತ್ತು. ನಾಶಿಕದ ಕಡೆಯಿಂದ ಬರುವಾಗ ಕೆರೆಯ ತಿರುವಿನಲ್ಲಿ ಒಬ್ಬೊಬ್ಬರೂ ತಮ್ಮದೇ ರೀತಿಯಲ್ಲಿ ಸೀಟಿ ಹೊಡೆಯುತ್ತಿದ್ದರು. ಅದು ಮನೆಗೆ ಸುದ್ದಿ: ಬಂದೆ, ಅನ್ನಕ್ಕಿಡು. ಗೋವೆಯವನದು ರಾಗ ಎಳೆದ ಹಾಗೆ, ಅವನ ಗೆಳೆಯ ಮುಸಲ್ಮಾನ ಡ್ರೈವರನದು ಗಿಡ್ಡಗೆ ಎರಡು. ಕಾಕಾನದು ಒಂದು ಉದ್ದ, ನಡುವೆ ಗಂಟಲು ಸರಿಮಾಡಿಕೊಂಡಂತೆ ಒಂದು ತಡೆ, ಆಮೇಲೆ ಒಂದು ಗಿಡ್ಡ. ಕಾಕಾ ಡ್ಯೂಟಿಯಲ್ಲಿದ್ದ ದಿನ ಆ ಸೀಟಿ ಕೇಳದೆ ಆಯಿ ಉಣ್ಣುತ್ತಿರಲಿಲ್ಲ. ಆಯಿ ಉಣ್ಣದೆ ಕಾಕು ಉಣ್ಣುತ್ತಿರಲಿಲ್ಲ, ಅತ್ತೆಗಿಂತ ಮೊದಲು ಸೊಸೆ ಬಾಯಿಗೆ ತುತ್ತು ಇಡಬಾರದೆಂಬುದು ಆ ಮನೆಯ ಕಟ್ಟಳೆ. "ಎಂಜಿನ್ ಕೆಟ್ಟರ ನಿಮ್ಮನೀ ಎಲ್ಲಾರೂ ಉಪವಾಸ ಅಲ್ರೀ ಕಾಕು?" ಎಂದು ನಾನು ಛೇಡಿಸುತ್ತಿದ್ದೆ.

ಆ ದಿನ ಸೀಟಿಯ ಹೊತ್ತು ಮೀರಿತ್ತು. ಮಳೆ ಒಂದೇ ಸಮನೆ ಹೊಡೆಯುತ್ತಿತ್ತು. ಯಜಮಾನರು ಕೊಡೆಯಿದ್ದೂ ತೊಯ್ದುಕೊಂಡು ಬಂದು ಕಾಕುವನ್ನು ಹಿತ್ತಲಿಗೆ ಕರೆದರು. "ನಾಶಿಕದ ಹತ್ರ ಎಂಜಿನ್ನಿನ ನೀರಿನ ಅಳತಿ ಗಾಜು ಒಡದು ಉಗಿ ನಿಮ್ಮನಿಯವರ ಮೈಮ್ಯಾಲೆ ಹಾರೇತ್ರಿ. ದವಾಖಾನಿಗೆ ಒಯ್ದಾರ. ನೀವು ಮುಂದಿನ ಗಾಡಿಗೇ ಹೊರಡ್ರಿ."

ಕಾಕು ಅಳಲಿಲ್ಲ. ಹೊಸ್ತಿಲ ಕಡೆ ನೋಡಿ ದನಿ ತಗ್ಗಿಸಿದರು. "ಆಯಿ ಮುಂಜಾನಿಂದ ಏನೂ ತಿಂದಿಲ್ಲ. ಈಗ ಹೇಳಿದರ ಅಲ್ಲೇ ಕುಸೀತಾರ."

ಅಷ್ಟರಲ್ಲಿ ಕೆರೆಯ ತಿರುವಿನಿಂದ ಕಾಕಾನ ಸೀಟಿ ಕೇಳಿಸಿತು. ಒಂದು ಉದ್ದ, ತಡೆ, ಒಂದು ಗಿಡ್ಡ... ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಆಯಿ ಮಾತ್ರ ಕೈ ತೊಳೆಯಲು ತಂಬಿಗೆ ತಡಕಾಡುತ್ತಾ, "ಬಂದ. ಎಡಿ ಮಾಡ" ಎಂದರು.

ಅದು ಕಾಕಾನ ಎಂಜಿನ್ನಿಗೆ ಕಲ್ಲಿದ್ದಲು ಹಾಕುವ ಫೈರ್‌ಮನ್‌ನ ಕೆಲಸ, ಘೋಟಿ ಕಡೆಯ ಮರಾಠಿ ತರುಣನದು. ಬೇರೆ ಡ್ರೈವರನೊಂದಿಗೆ ಎಂಜಿನ್ ತರುತ್ತಿದ್ದವನಿಗೆ ಮುದುಕಿ ಉಪವಾಸ ಕೂತಿರುವುದು ನೆನಪಾಗಿ ಸೀಟಿ ಎಳೆದುಬಿಟ್ಟಿದ್ದ. ಕಾಕು ಅವನನ್ನು ತರಾಟೆಗೆ ತೆಗೆದುಕೊಳ್ಳುತ್ತಾರೆಂದೇ ನಾನು ಅವರ ಜೊತೆ ಎಂಜಿನ್ ಶೆಡ್ಡಿಗೆ ಹೋಗಿದ್ದೆ. ಅವನೂ ತಲೆ ತಗ್ಗಿಸಿ ನಿಂತಿದ್ದ. ಕಾಕು ಮರಾಠಿಯಲ್ಲಿ ಇಷ್ಟೇ ಹೇಳಿದರು: ಅವರು ಮನೆಗೆ ಬರುವವರೆಗೆ ದಿನಾ ಯಾರಾದರೂ ಹೀಗೇ ಹೊಡೆಯಿರಿ, ನಮ್ಮ ಆಯಿ ಉಣ್ಣಬೇಕು.

ಶೆಡ್ಡಿನಿಂದಲೇ ಕಾಕು ಮುಂದಿನ ಗಾಡಿ ಹತ್ತಿ ನಾಶಿಕಕ್ಕೆ ಹೋಗಿ ರಾತ್ರಿ ಮರಳಿದರು. ಮರುದಿನದಿಂದ ಹಲ್ಲಿನ ಡಾಕ್ಟರ ನೆಪ ಹೇಳಿ ಬೆಳಿಗ್ಗೆ ನಾಶಿಕಕ್ಕೆ ಹೋಗಿ ಸಂಜೆಯ ಗಾಡಿಗೆ ಮರಳುತ್ತಿದ್ದರು. ಮಳೆಗೆ ಜನ ಸಾಲದೆ ಮಗನಿಗೆ ದಿನಾ ಡಬಲ್ ಡ್ಯೂಟಿ, ಮಲಗುವುದೂ ಶೆಡ್ಡಿನಲ್ಲೇ ಎಂದು ಆಯಿಗೆ ಹೇಳಿದ್ದಾಯಿತು. ಆಯಿಯ ಕಾವಲಿಗೆ ನಾನು. ಮಧ್ಯಾಹ್ನವಾದರೆ ನಾನು ಒಳಗೆ ಹೊರಗೆ ಓಡಾಡುತ್ತಿದ್ದೆ. ಸೀಟಿ ಬರದಿದ್ದರೆ ಏನು ಹೇಳಲಿ? ಆದರೆ ಬರುತ್ತಿತ್ತು. ಯಾರ ಗಾಡಿ ಬಂದರೆ ಅವರು ತಮ್ಮದನ್ನು ಬಿಟ್ಟು ಕಾಕಾನ ಸೀಟಿ ಹೊಡೆಯುತ್ತಿದ್ದರು. ಅವರ ಮನೆಯ ಹೆಂಗಸರು ಗಂಡ ಬಂದದ್ದು ತಿಳಿಯದೆ ತಣ್ಣನೆಯ ಒಲೆಯ ಮುಂದೆ ಕೂತಿರುತ್ತಿದ್ದರು, ಒಬ್ಬಳೂ ಗೊಣಗಿದ್ದನ್ನು ನಾನು ಕೇಳಲಿಲ್ಲ. ಆ ಊರನ್ನು ನಾನು ಪ್ರೀತಿಸತೊಡಗಿದ್ದು ಆಗಲೇ.

ಒಂದು ಮಧ್ಯಾಹ್ನ ಎಡವಟ್ಟಾಯಿತು. ಗೋವೆಯವನ ಸೀಟಿ ಬಂತು, ಆಯಿಯ ಮುಂದೆ ತಟ್ಟೆ ಇಟ್ಟೆ. ಮೊದಲ ತುತ್ತು ಬಾಯಿಗೆ ಹೋಗುವಷ್ಟರಲ್ಲಿ ಹಿಂದಿನ ಗಾಡಿಯ ಮುಸಲ್ಮಾನ ಡ್ರೈವರನೂ ಅದೇ ಸೀಟಿ ಹೊಡೆದ. ಮುಂದಿನವನು ಹೊಡೆದದ್ದು ಅವನಿಗೆ ಹೇಗೆ ಗೊತ್ತಾಗಬೇಕು? ಒಬ್ಬನೇ ಮಗ ಒಂದೇ ಹೊತ್ತಿಗೆ ಎರಡು ಸಲ ಬಂದಿದ್ದ.

ಆಯಿ ತುತ್ತು ನುಂಗಿದರು, ನೀರು ಕುಡಿದರು. ಆಮೇಲೆ ಮೆಲ್ಲಗೆ ಕೇಳಿದರು, "ಆಕಿ ನಾಶಿಕದಾಗ ಏನರೆ ತಿಂತಾಳೋ ಇಲ್ಲೋ?"

ನಾನು ತಂಬಿಗೆಗೆ ನೀರು ತುಂಬತೊಡಗಿದೆ.

"ನನ್ನ ಮಗನ ಕೈ ನನಗ ತಿಳಿಯೂದಿಲ್ಲೇನ? ಮದಲನೇ ದಿನಾನ ತಿಳೀತು. ನಾ ಉಣ್ಣಲಿಲ್ಲಂದ್ರ ಆಕಿ ಉಣ್ಣಾಕಿ ಅಲ್ಲ. ಅದಕ್ಕ ಉಣ್ಣಾಕತ್ತೇನಿ. ಆಕಿಗೆ ಹೇಳಬ್ಯಾಡ." ಎಷ್ಟು ಪೆಟ್ಟಾಗಿದೆ, ಎಲ್ಲಿದ್ದಾನೆ ಎಂದು ಅವರು ಕೇಳಲಿಲ್ಲ. ತಟ್ಟೆಯನ್ನು ಬೆರಳಿನಿಂದ ಬಳಿದು ಖಾಲಿ ಮಾಡಿದರು. ಹಸಿವಿನಿಂದ ಉಂಡ ಊಟ ಅದಲ್ಲ.

ಇನ್ನೊಂದು ಮಧ್ಯಾಹ್ನ ಕೆರೆಯ ತಿರುವಿನಲ್ಲಿ ಸೀಟಿಯೇ ಇಲ್ಲ. ಕಾಕಾನದೂ ಇಲ್ಲ, ಇನ್ನೊಬ್ಬರದೂ ಇಲ್ಲ. ಎಂಜಿನ್ನುಗಳು ಬಂದವು, ಹೋದವು, ಎಲ್ಲವೂ ಸುಮ್ಮನೆ. ನಾಶಿಕದಿಂದ ಶೆಡ್ಡಿಗೆ ಸುದ್ದಿ ಮುಟ್ಟಿತ್ತು. ಆಯಿ ಹೊತ್ತು ಇಳಿಯುವವರೆಗೆ ಕಿವಿಗೊಟ್ಟು ಕೂತಿದ್ದು, ಆಮೇಲೆ ತಟ್ಟೆಯಲ್ಲಿ ಅನ್ನ ಕಲಸಿ ಕೊಡು ಎಂದರು. ಅದನ್ನು ಮಡಿಲಲ್ಲಿ ಇಟ್ಟುಕೊಂಡರು, ಉಣ್ಣಲಿಲ್ಲ.

ಸಂಜೆ ಕಾಕು ಬಂದು ಬಾಗಿಲಲ್ಲಿ ನಿಂತರು. ಸೆರಗಿನಿಂದ ನೀರು ಸುರಿಯುತ್ತಿತ್ತು. "ಆಯೀ..." ಎಂದು ಬಾಯಿ ತೆರೆದರು.

"ಏನೂ ಹೇಳಬ್ಯಾಡ. ಮದಲ ಉಣ್ಣ," ಎಂದರು ಆಯಿ. ಸಾವಿನ ಮಾತು ಒಮ್ಮೆ ಹೊರಬಿದ್ದರೆ ಆ ಮನೆಯ ಒಲೆ ಆರಬೇಕು, ದಹನವಾಗುವ ತನಕ ಸೊಸೆಗೆ ಅನ್ನವಿಲ್ಲ. ಅದು ಮೂವರಿಗೂ ಗೊತ್ತಿತ್ತು. ಆಯಿ ಸೊಸೆಯನ್ನು ಕೈಹಿಡಿದು ಕೂರಿಸಿಕೊಂಡು ತುತ್ತು ಇಟ್ಟರು. ಕಣ್ಣು ಕಾಣದು ನೋಡಿ, ಇನ್ನೊಂದು ಕೈಯಿಂದ ಸೊಸೆಯ ಗಂಟಲು ಮುಟ್ಟಿ, ನುಂಗಿದ್ದು ತಿಳಿದ ಮೇಲೆಯೇ ಮುಂದಿನ ತುತ್ತು. ತಟ್ಟೆ ಬರಿದಾದ ಮೇಲೆ ಆಯಿ ಹೇಳಿದರು, "ಈಗ ಹೇಳು."

ಅತ್ತೆ ಸೊಸೆ ಗದಗಿಗೆ ಹೊರಟುಹೋದರು. ಕೆಲವೇ ವರ್ಷಗಳಲ್ಲಿ ನಾಶಿಕದಾಚೆಗೂ ಕರೆಂಟಿನ ತಂತಿ ಎಳೆದರು, ಕಲ್ಲಿದ್ದಲಿನ ಎಂಜಿನ್ನುಗಳು ಹೋದವು, ಡ್ರೈವರುಗಳ ಮನೆಗಳೂ ಒಂದೊಂದಾಗಿ ಖಾಲಿಯಾದವು. ಆಯಿ ತೀರಿಕೊಂಡದ್ದು ತಿಳಿಯಿತು. ಕಾಕು ಹೋದ ಸುದ್ದಿ ನನಗೆ ಮುಟ್ಟುವ ಹೊತ್ತಿಗೆ ತುಂಬಾ ತಡವಾಗಿತ್ತು, ಅಳುವುದಕ್ಕೂ ಜೊತೆಗೆ ಯಾರೂ ಇರಲಿಲ್ಲ... ಈಗ ಆ ಕೆರೆಯ ದಂಡೆಯಲ್ಲಿ ರಜೆಗೆ ಬರುವವರ ಬಂಗಲೆಗಳಿವೆಯಂತೆ.

ಮೊನ್ನೆ ಮನೆಗೆ ಬಂದಾಗ ಸೊಸೆ ತಟ್ಟೆ ಇಟ್ಟು ನನಗಾಗಿ ಕಾಯುತ್ತಿದ್ದಳು. ನೀನು ಮೊದಲು ಉಣ್ಣು ಎಂದೆ. ಯಾಕೆಂದು ಕೇಳಿದಳು. ಉಂಡ ಮೇಲೆ ಹೇಳುತ್ತೇನೆ ಎಂದೆ. ಅವಳು ಉಂಡು ಮುಗಿಸುವವರೆಗೆ ಎದುರಿಗೆ ಕೂತೇ ಇದ್ದೆ.